ಹರಿಗೋಲಲ್ಲಿ ಅಧ್ಯಕ್ಷನೂ ನಾನೂ

ಜುಲೈ 14, ಭಾನುವಾರ

ಎರಡು ಸಲ ಮಿಂದರೂ ಮೀನಿನ ವಾಸನೆ ಹೋಗಿಲ್ಲ.

ನಮ್ಮ ಕೆರೆ ಉಳಿಸೋ ಬಳಗದ ಅಧ್ಯಕ್ಷ ನಿಂಗರಾಜನಿಗೂ ಕಾರ್ಯದರ್ಶಿಯಾದ ನನಗೂ ದಡಕ್ಕೆ ಯಾವ ಗಿಡ ಹಾಕಬೇಕು ಅನ್ನೋ ಜಗಳವಾಗಿ ತಿಂಗಳಿಂದ ಮಾತಿಲ್ಲ. ಇವತ್ತು ತೊಣ್ಣೂರು ಕೆರೆ ನಡುವೆ ನೀರುಕಾಗೆಯೊಂದು ಬಲೆಗೆ ಸಿಕ್ಕಿ ಒದ್ದಾಡ್ತಿತ್ತು. ಇದ್ದದ್ದು ಒಂದೇ ಹರಿಗೋಲು. ಮುಖ ತಿರುಗಿಸಿಕೊಂಡೇ ಇಬ್ಬರೂ ಹತ್ತಿದೆವು. ಅವನೊಂದು ಕಡೆಗೆ, ನಾನೊಂದು ಕಡೆಗೆ ಹುಟ್ಟು ಹಾಕಿದ್ದಕ್ಕೆ ಹರಿಗೋಲು ಗಿರಗಿರ ತಿರುಗಿತು. ಅಲ್ಲಿ ಹಕ್ಕಿ ಮುಳುಗ್ತಿತ್ತು.

"ಲೇ ಚೆಲುವ, ಕ್ವಾಪ ಆಮೇಲ್ ಮಾಡ್ಕೊಳ್ಳಾನ, ಒಂದೇ ಕಡೀಕೆ ಹಾಕ್ಲಾ!"

ಹಾಕಿದೆ. ಹತ್ತಿರ ಹೋದ ಮೇಲೆ ಅವನು ಹಕ್ಕೀನ ಹಿಡಿದ, ನಾನು ಬಲೆ ಕತ್ತರಿಸಿದೆ. ಹಕ್ಕಿ ಅವನ ಮೂಗಿಗೆ ಕುಕ್ಕಿ, ನನ್ನ ಅಂಗಿ ಮೇಲೆ ಮೀನು ಕಕ್ಕಿ ಹಾರಿತು. ನಗು ತಡೆಯೋಕಾಗಲಿಲ್ಲ.

ಈಗ ಅವನ ಫೋನು. "ಮೂಗು ಬದ್ನೇಕಾಯಿ ಆಗದೆ ಕಣ್ಲಾ. ನೀನೇ ಗುದ್ದಿದ್ದು ಅಂತಾವ್ಳೆ ನನ್ನೆಂಡ್ತಿ. ವಸಿ ಹೇಳ್ಲಾ."

ಫೋನು ಹೆಂಡತಿ ಕೈಗೆ ಕೊಟ್ಟ. ಕುಕ್ಕಿದ್ದು ಹಕ್ಕಿ ಕಣಕ್ಕಾ ಅಂದೆ. ನಂಬಲಿಲ್ಲ. ನಾಳೆ ಸಾಕ್ಷಿ ಹೇಳೋಕೆ ಅವರ ಮನೆಗೇ ಹೋಗಬೇಕು, ಹೋದರೆ ನನ್ನ ಮೂಗೂ ಬದನೇಕಾಯಿ...