ಮೂರು ಮಡಿಕೆಯ ಲಂಗ

ಜೂನ್ 14, ಶುಕ್ರವಾರ

ಅಮ್ಮ ತೀರಿಕೊಂಡು ಮೂರು ತಿಂಗಳು. ಇವತ್ತು ಕೈಯಾರೆ ಅವಳ ಹೊಲಿಗೆ ಕೆಡಿಸಿದೆ. ಮೊಮ್ಮಗಳು ಬೆಳೆಯುತ್ತಾಳೆಂದು ಶಾಲೆಯ ಲಂಗದ ಅಂಚಿಗೆ ಅಮ್ಮ ಮೂರು ಮಡಿಕೆ ಹಾಕಿದ್ದಳು, ವರ್ಷಕ್ಕೊಂದು ಬಿಚ್ಚಲೆಂದು. ನನಗೂ ಹಾಗೇ ಹೊಲಿಯುತ್ತಿದ್ದಳು. ಒಂದು ದಿನವಾದರೂ ಪಕ್ಕದಲ್ಲಿ ಕೂತು ಕಲಿತವಳಲ್ಲ ನಾನು. ಲಂಗ ಗಿಡ್ಡವಾಯಿತೆಂದು ಬೆಳಿಗ್ಗೆ ಅವಸರದಲ್ಲಿ ಮೂರನ್ನೂ ಬಿಚ್ಚಿಬಿಟ್ಟೆ. ಈಗ ಅದು ಮಗಳ ಪಾದ ಮುಟ್ಟುತ್ತದೆ.

“ಅಜ್ಜಿ ಇದ್ದಿದ್ರೆ ಒಂದೇ ಬಿಚ್ತಿದ್ರು,” ಅಂದಳು.

ಸಂಜೆಯಿಡೀ ಸೂಜಿ ಹಿಡಿದು ಕೂತೆ. ಅಮ್ಮನ ಸೂಜಿ ಚುಚ್ಚಿದ ತೂತುಗಳು ಸಾಲಾಗಿ ಕಾಣುತ್ತವೆ, ಆದರೂ ನನ್ನ ಹೊಲಿಗೆ ಸೊಟ್ಟಗೇ ಹೋಗುತ್ತದೆ. ದರ್ಜಿಗೆ ಕೊಡಲು ಮನಸ್ಸು ಒಪ್ಪುವುದಿಲ್ಲ. ನೋಡುತ್ತಿದ್ದ ಮಗಳು ಕೊನೆಗೆ ನನ್ನ ಕೈಯಿಂದ ಲಂಗ ತೆಗೆದುಕೊಂಡಳು.

“ಬಿಡಮ್ಮ, ನಾನೇ ಬೇಗ ಬೆಳೀತೀನಿ.”