ಗುಡ್ಡದ ಮಂಗಜ್ಜನಿಗೆ ಗುಂಡು ಹೊಡೆಯುವ ಮೊದಲು

ಮಾವಳ್ಳಿ, ಮಾರ್ಚ್ ೧೯೮೩

ಗುಡ್ಡಕ್ಕೆ ಬಂದೂಕು ಹತ್ತಿಸಲು ಹೊರಟಿರುವ ಮಾನ್ಯ ಅರಣ್ಯಾಧಿಕಾರಿಗಳೇ,

ಬರುವ ಸೋಮವಾರ ಅಪ್ಸರಕೊಂಡದ ಮೇಲಿನ ಕಾಡಿನಲ್ಲಿ ತಾವು ಹೊಡೆಸಲಿರುವುದು ಮಂಗವನ್ನಲ್ಲ, ನನ್ನ ತಮ್ಮ ಜಟ್ಟನನ್ನು. ಇದನ್ನು ಹೇಳಲು ಎರಡು ಸಲ ತಮ್ಮ ಕಚೇರಿಗೆ ಬಂದೆ. ಮೊದಲ ಸಲ ತಾವು ಊಟಕ್ಕೆ ಹೋಗಿದ್ದಿರಿ, ಎರಡನೇ ಸಲ ಮೀಟಿಂಗಿನಲ್ಲಿದ್ದಿರಿ. ಪತ್ರಿಕೆ ಓದುವಾಗಲಾದರೂ ಕುರ್ಚಿಯಲ್ಲಿ ಇರುತ್ತೀರಿ ಎಂದು ಇಲ್ಲಿ ಬರೆಯುತ್ತಿದ್ದೇನೆ. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು. ತಪ್ಪಿದ್ದರೆ ತಿದ್ದಿಕೊಳ್ಳಿ, ಆದರೆ ಪೂರ್ತಿ ಓದಿ.

ಗೊತ್ತಿಲ್ಲದವರಿಗೂ ಸಂಗತಿ ಗೊತ್ತಾಗಲಿ. ದುಬೈಯಲ್ಲಿ ದುಡಿಯುವ ಭಟ್ಕಳದ ಜುಬೇರ್ ಸಾಹೇಬರು ರಜೆಗೆ ಬಂದಾಗ ಮನೆಯವರೊಂದಿಗೆ ಅಪ್ಸರಕೊಂಡದ ಜಲಪಾತ ನೋಡಲು ಹೋಗಿದ್ದರು. ಕೈಯಲ್ಲಿ ಹಿಡಿಯುವ ಸಿನಿಮಾ ಕ್ಯಾಮರಾದಲ್ಲಿ ಮಕ್ಕಳ ಚಿತ್ರ ತೆಗೆಯುತ್ತಿರುವಾಗ ಮೇಲಿನ ಪೊದೆಯಿಂದ ಒಂದು ಆಕಾರ ಎದ್ದು ನಿಂತಿತು. ಆಳೆತ್ತರ, ಸೊಂಟದವರೆಗೆ ಜಡೆ, ಮೈತುಂಬ ಜೋತಾಡುವ ಕಪ್ಪು ರೋಮ. ಕ್ಯಾಮರಾದ ಕಡೆ ನೋಡಿತು, ನೋಡುತ್ತಲೇ ಕಾಡು ಸೇರಿತು. ಒಟ್ಟು ಅರ್ಧ ನಿಮಿಷ. ಮಕ್ಕಳನ್ನು ಹೆದರಿಸಲು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದ ಗುಡ್ಡದ ಮಂಗಜ್ಜನಿಗೆ ಸಾಕ್ಷಿ ಸಿಕ್ಕಿತು ಎಂದು ಭಟ್ಕಳದಿಂದ ಕುಮಟೆಯವರೆಗೆ ಚಹಾದಂಗಡಿಗಳಲ್ಲಿ ಜಗಳ ಶುರುವಾಯಿತು.

ಒಂದು ಪಕ್ಷ ಅದು ನಿಜವಾದ ಮಂಗಮನುಷ್ಯ ಎಂದಿತು. ಇನ್ನೊಂದು ಪಕ್ಷ ಜುಬೇರ್ ಸಾಹೇಬರು ಯಾರಿಗೋ ವೇಷ ಕಟ್ಟಿಸಿದ್ದಾರೆ ಎಂದಿತು. "ಎರಡು ವರ್ಷಕ್ಕೊಮ್ಮೆ ಊರಿಗೆ ಬರುದು ನಾನು, ದುರ್ಗಣ್ಣ. ಬಂದದ್ದು ಎಂತಕ್ಕೆ, ಮಂಗನ ವೇಷ ಕಟ್ಟಿಸುಕಾ?" ಎಂದು ಆ ಮನುಷ್ಯ ನನ್ನೆದುರು ಹಣೆ ಚಚ್ಚಿಕೊಂಡರು. ಮಂಗ, ಇಲ್ಲವೇ ಮಂಗನ ವೇಷ. ಬರೇ ಮನುಷ್ಯ ಎನ್ನಲು ಇಷ್ಟು ಓದಿದವರಲ್ಲಿ ಒಬ್ಬರಿಗೂ ಬಾಯಿ ಬರಲಿಲ್ಲವೇ?

ತಾವು ಹೊನ್ನಾವರದಲ್ಲಿ ಆ ರೀಲನ್ನು ತೋರಿಸಿದ ದಿನ ನಾನೂ ಬಂದಿದ್ದೆ. ತಾವು ಕರೆಸಿದ ಪಂಡಿತರು ಪರದೆಗೆ ಕೋಲು ಚುಚ್ಚಿ ಹೇಳಿದರು: "ಗಮನಿಸಿ, ಈ ಜೀವಿ ತಿರುಗಿ ಓಡುವುದಿಲ್ಲ. ನಮಗೆ ಮುಖ ಮಾಡಿಕೊಂಡೇ, ಒಮ್ಮೆಯೂ ಹಿಂದೆ ನೋಡದೆ, ಏರನ್ನು ಹಿಮ್ಮುಖವಾಗಿ ಹತ್ತುತ್ತದೆ. ಮನುಷ್ಯನಿಗೆ ಇದು ಸಾಧ್ಯವಿಲ್ಲ." ಸಭೆ ಚಪ್ಪಾಳೆ ತಟ್ಟಿತು. ಸ್ವಾಮೀ, ಆ ಪಂಡಿತರು ಯಾವತ್ತಾದರೂ ರಂಪಣಿ ಬಲೆ ಎಳೆಯುವುದನ್ನು ನೋಡಿದ್ದಾರೆಯೇ? ಎಂಬತ್ತು ಜನ ಸೊಂಟಕ್ಕೆ ಹಗ್ಗ ಸಿಕ್ಕಿಸಿಕೊಂಡು, ಕಡಲಿಗೆ ಮುಖ ಮಾಡಿ, ಮರಳು-ಹೊಯಿಗೆಯ ದಿಬ್ಬವನ್ನು ಹಿಂದೆ ಹಿಂದೆ ಹತ್ತುತ್ತ ಬಲೆಯನ್ನು ದಡಕ್ಕೆ ತರುತ್ತಿದ್ದೆವು. ಜಟ್ಟ ಇಪ್ಪತ್ತು ವರ್ಷ ಆ ಹಗ್ಗದ ತುದಿ ಹಿಡಿದವನು. ಕೊನೆಗೆ ಅವನ ನಡಿಗೆಯೇ ಹಾಗಾಗಿತ್ತು. ಯಾರನ್ನು ಬಿಟ್ಟು ಹೊರಡುವಾಗಲೂ ಮೊದಲ ಹೆಜ್ಜೆಗಳನ್ನು ಹಿಂದಕ್ಕೇ ಇಡುತ್ತಿದ್ದ. "ನಿಮ್ಮ ತಮ್ಮಗೆ ಬೆನ್ನೇ ಇಲ್ಲ ಭಾವ, ಎದುರು ಮಾತ್ರ ಇರುದು" ಎಂದು ಅವನ ಹೆಂಡತಿ ತಿಮ್ಮಿ ನಗಾಡುತ್ತಿದ್ದಳು. ಎಡಗಾಲನ್ನು ಚೂರು ಹೊರಕ್ಕೆ ಹಾಕಿ ಹಿಂದೆ ಸರಿಯುವ ಆ ರೀತಿ ನನಗೆ ಗುರುತು ಸಿಗದೆ ಇನ್ನಾರಿಗೆ ಸಿಗಬೇಕು? ತಮಗೆ ರೋಮ ಕಂಡಿತು. ನನಗೆ ಹರಿದ ಬಲೆ ಕಂಡಿತು. ಚಳಿಗೆ ಸುತ್ತಿಕೊಳ್ಳಲು ಅವನಿಗೆ ಸಿಕ್ಕಿದ್ದು ಅದೊಂದೇ ಇರಬೇಕು.

ಎದ್ದು ನಿಂತು "ಅದು ನನ್ನ ತಮ್ಮ" ಎಂದೆ. "ನಿಮ್ಮ ತಮ್ಮ ಎಲ್ಲಿರುತ್ತಾರೆ ಅಜ್ಜಾ?" ಎಂದು ತಾವು ಬಹಳ ನಯವಾಗಿ ಕೇಳಿದಿರಿ. "ಸತ್ತು ನಾಲ್ಕು ವರ್ಷ ಆತು" ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಸಭೆ ಬಿದ್ದು ಬಿದ್ದು ನಕ್ಕಿತು. ತಾವೂ ನಕ್ಕಿರಿ. ಅಂದು ಹೇಳಲಾಗದ್ದನ್ನು ನಾಚಿಕೆ ಬಿಟ್ಟು ಈಗ ಹೇಳುತ್ತೇನೆ.

ದೊಡ್ಡ ಬಲೆಯ ಪರ್ಸಿನ್ ಬೋಟುಗಳು ಬಂದು ಮೀನನ್ನು ದಡ ಮುಟ್ಟುವ ಮೊದಲೇ ಬಾಚಿಕೊಂಡ ಮೇಲೆ ರಂಪಣಿ ನಿಂತಿತು. ಬೇರೆ ದಾರಿಯಿಲ್ಲದೆ ಜಟ್ಟ ಅಂಥದೇ ಒಂದು ಬೋಟಿಗೆ ಆಳಾಗಿ ಹೋದ. ಎಪ್ಪತ್ತೊಂಬತ್ತರಲ್ಲಿ ಗಾಳಿಗೆ ಬೋಟು ಮಗುಚಿತು. ಹೆಣ ಸಿಗಲಿಲ್ಲ. ದರ್ಭೆಯ ಬೊಂಬೆ ಸುಟ್ಟು ಕಾರ್ಯವನ್ನೆಲ್ಲ ನಾನೇ ಮುಗಿಸಿದೆ. ಸತ್ತನೆಂದು ಕಾಗದಕ್ಕೆ ಸಹಿಯನ್ನೂ ಹಾಕಿದೆ. ಅದಾಗಿ ಹತ್ತು ದಿನಕ್ಕೆ, ದೀಪ ಹಚ್ಚುವ ಹೊತ್ತಿನಲ್ಲಿ, ಹೊರಗಿನಿಂದ ಜಟ್ಟನ ಧ್ವನಿ ಬಂತು: "ತಿಮ್ಮೀ." ಒಂದೇ ಸಲ. ಜೀವ ಇರುವವನಾದರೆ ಮೂರು ಸಲ ಕರೆಯುತ್ತಾನೆ, ಪ್ರೇತ ಒಂದೇ ಸಲ ಕರೆಯುತ್ತದೆ, ಅದಕ್ಕೆ ಓಗೊಡಬಾರದು ಎಂದು ನಮ್ಮಲ್ಲಿ ನಂಬಿಕೆ. ತಿಮ್ಮಿ ಬಾಗಿಲಿಗೆ ಓಡಿದಳು. ನಾನು ಅವಳ ರಟ್ಟೆ ಹಿಡಿದೆ.

"ಬಿಡಿ ಭಾವ, ಅವ್ರೇ ಅದು!"

"ಸುಮ್ನಿರೇ. ಇನ್ನೆರಡು ಸಲ ಕರೀಲಿ."

ಕರೆಯಲಿಲ್ಲ. ಜಟ್ಟನಿಗೂ ನನ್ನದೇ ಸಿಟ್ಟು. ಜೀವಮಾನದಲ್ಲಿ ಯಾರನ್ನೂ ಎರಡು ಸಲ ಕರೆದವನಲ್ಲ.

ಬೆಳಿಗ್ಗೆ ಅಂಗಳದ ಹಸಿ ಹೊಯಿಗೆಯ ಮೇಲೆ ಹೆಜ್ಜೆಗಳಿದ್ದವು. ಎಲ್ಲದರ ಬೆರಳೂ ಮನೆಯ ಕಡೆಗೆ. ಹೊರಗೆ ಹೋದ ಹೆಜ್ಜೆ ಒಂದೂ ಇರಲಿಲ್ಲ. "ಬಂದದ್ದು ಹೋಗ್ಲಿಲ್ಲ, ಒಳಗೇ ಉಂಟು" ಎಂದು ನೆರೆಯವರು ನಮ್ಮ ಅಂಗಳ ತುಳಿಯುವುದನ್ನೇ ಬಿಟ್ಟರು. ಮಂತ್ರವಾದಿಯನ್ನು ಕರೆಸಿ ಹೊಸ್ತಿಲಿಗೆ ಮೊಳೆ ಹೊಡೆಸಿದೆ. ಮುಚ್ಚಿದ ಬಾಗಿಲನ್ನು ನೋಡುತ್ತಲೇ ಅವನು ಹಿಂದೆ ಹಿಂದೆ ಹೋಗಿದ್ದಾನೆ ಎಂದು ನಾಲ್ಕು ವರ್ಷ ನನ್ನ ತಲೆಗೆ ಹೊಳೆಯಲಿಲ್ಲ. ತಮ್ಮ ಪಂಡಿತರ ಕೋಲು ಅದನ್ನು ತೋರಿಸಿಕೊಟ್ಟಿತು. ಅಷ್ಟರ ಮಟ್ಟಿಗೆ ಉಪಕಾರವಾಯಿತು.

ಈಗ ಹೇಳಿ, ಆ ಜೀವ ಮಾಡಿದ ಹಾನಿಯಾದರೂ ಏನು? ಸೌದೆಗೆ ಹೋದ ಹೆಂಗಸರ ಬುತ್ತಿ ಎರಡು ಸಲ ಮಾಯವಾಗಿದೆ. ಅದಕ್ಕೆ ಆರು ಬಂದೂಕೇ? ಹೋದ ಗುರುವಾರ ತಮ್ಮ ಕಡೆಯವನೊಬ್ಬ ಆಗಲೇ ಪೊದೆಗೆ ಗುಂಡು ಹಾರಿಸಿದ್ದಾನೆ; ಎಲೆಗಳ ಮೇಲೆ ರಕ್ತ ಇದ್ದದ್ದನ್ನು ಸೌದೆಯವರು ಕಂಡಿದ್ದಾರೆ. ಅಂದಿನಿಂದ ತಿಮ್ಮಿ ದಿನಾ ಅವರ ಕೈಯಲ್ಲಿ ಅನ್ನ ಕಟ್ಟಿ ಕಳಿಸುತ್ತಾಳೆ. ಬಂಡೆಯ ಮೇಲೆ ಇಟ್ಟ ಗಂಟು ಇರುವೆ ಮುತ್ತಿ, ಬಿಚ್ಚದೆ ವಾಪಸು ಬರುತ್ತದೆ. ಆ ಗಂಟನ್ನು ನಾನು ಮತ್ತೆ ಅವಳ ಕೈಗೆ ಹೇಗೆ ಕೊಡಲಿ, ತಾವೇ ಹೇಳಿಕೊಡಿ.

ದಾಖಲೆಯ ಪ್ರಕಾರ ಅವನು ಸತ್ತವನು ಎನ್ನುತ್ತೀರಿ. ಆ ಸಹಿ ನನ್ನದು, ತಪ್ಪೂ ನನ್ನದು, ಹಿಂದಕ್ಕೆ ಪಡೆಯುತ್ತೇನೆ. ನನ್ನ ಕಣ್ಣೇ ಮೋಸ ಮಾಡಿ ಅದು ಮಂಗವೇ ಆಗಿದೆ ಎಂದಿಟ್ಟುಕೊಳ್ಳಿ. ಬದುಕಿದ್ದರೆ ಯಾವತ್ತಾದರೂ ನೋಡಿ ತಿಳಿಯಬಹುದು. ಕೊಂದ ಮೇಲೆ ಮನುಷ್ಯನೆಂದು ತಿಳಿದರೆ ತಾವು ಯಾವ ಸಹಿಯನ್ನು ಹಿಂದಕ್ಕೆ ಪಡೆಯುತ್ತೀರಿ?

ಗುಂಡಿನ ಹುಕುಂ ರದ್ದು ಮಾಡಿ. ಆ ರೀಲನ್ನು ತಿಮ್ಮಿಗೆ ಒಮ್ಮೆ ತೋರಿಸಿ. ಎರಡೂ ಆಗದಿದ್ದರೆ ಇಷ್ಟು ತಿಳಿದಿರಲಿ: ಭಾನುವಾರವೇ ನಾನು ಗುಡ್ಡ ಹತ್ತುತ್ತೇನೆ. ಅರವತ್ತೈದು ದಾಟಿದವನು, ಗಡ್ಡ ಬಿಟ್ಟವನು, ಏರು ಬಂದಲ್ಲಿ ಕೈಯನ್ನೂ ಊರಿಯೇ ಹತ್ತಬೇಕಾದವನು. ಸೋಮವಾರ ತಮ್ಮವರಿಗೆ ಒಂದರ ಬದಲು ಎರಡು ಕಂಡರೆ, ಬಂದೂಕು ಎತ್ತುವ ಮೊದಲು "ಯಾರದು?" ಎಂದು ಕೇಳಲು ಹೇಳಿ. ಇಬ್ಬರಲ್ಲಿ ಒಬ್ಬನಿಗಾದರೂ ಉತ್ತರ ಕೊಡುವಷ್ಟು ಜೀವ ಇರುತ್ತದೆ.

ಇಂತಿ,
ವಿಧೇಯನೆಂದು ಬರೆಯಲು ಕೈ ಬಾರದ,
ಜಟ್ಟನ ಅಣ್ಣ ದುರ್ಗ