ಕೈ ಕಟ್ಟದ ಪ್ರಾರ್ಥನೆ

ಯಪ್ಪಾ,

ನಿನಗೆ ಸಿಟ್ಟು ಬಂದರೆ ಬರಲಿ, ಮೊದಲು ನಿನ್ನನ್ನೇ ಬೈಯುತ್ತೇನೆ. ಒಂದು ಸಲ, ಒಂದೇ ಒಂದು ಸಲ ಆ ಪಾದ್ರಿಯ ಮುಂದೆ ಕೈ ಕಟ್ಟಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಊರ ಗೌಡನ ಕಟ್ಟೆಯ ಮುಂದೆ ಜೀವಮಾನವಿಡೀ ಕಟ್ಟಿದ ಕೈ ತಾನೇ ಅದು? ದೇವರ ಮನೆಯಲ್ಲೇ ಯಾಕೆ ಹಟಕ್ಕೆ ಬಿದ್ದೆ? ಯೇಸುವಿನ ಮೈ ಎಂದು ಸಭೆಯಲ್ಲಿ ಕೊಡುವ ಕರ್ತನ ಮೇಜಿನ ರೊಟ್ಟಿಯ ಒಂದು ಚೂರು ನಾಲಿಗೆಗೆ ತಾಗದೆ ಮಣ್ಣಿಗೆ ಹೋದೆಯಲ್ಲ. ಅದಕ್ಕಾಗಿ ನೀನು ಕಾದದ್ದನ್ನು ನಾನು ನೋಡಿಲ್ಲವೇ...

ಬೈದದ್ದಾಯಿತು. ಉಳಿದ ಸಿಟ್ಟು ನಿನ್ನ ಮೇಲಲ್ಲ.

ಊರಲ್ಲಿ ಯಾರ ಮನೆಯಲ್ಲಿ ಹೆಣ ಬಿದ್ದರೂ ನಮ್ಮ ಕೇರಿಗೆ ಕೂಗು ಬರುತ್ತಿದ್ದದ್ದು ನೆನಪಿದೆ. ಬೀಗರಿಗೆ ಸಾವಿನ ಸುದ್ದಿ ಮುಟ್ಟಿಸುವುದು ನಿನ್ನ ಪಾಲಿನ ಬಿಟ್ಟಿ ಕೆಲಸ. ಕಿತ್ತೂರಿಗೋ, ಸವದತ್ತಿಗೋ, ರಾಮದುರ್ಗಕ್ಕೋ ಬರಿಗಾಲಲ್ಲಿ ನಡೆದು, ಅವರ ಬಾಗಿಲಿನಿಂದ ದೂರ ನಿಂತು, ಕೈ ಕಟ್ಟಿ, ತಲೆ ತಗ್ಗಿಸಿ, “ನಿಮ್ಮವರು ಹೋದ್ರರೀ” ಅನ್ನಬೇಕು. ನೀರು ಕೇಳಿದರೆ ಬೊಗಸೆಗೆ ಮೇಲಿನಿಂದ ಸುರಿಯುತ್ತಿದ್ದರು. ಅವರ ದುಃಖವನ್ನು ಹರದಾರಿಗಟ್ಟಲೆ ಹೊತ್ತು ತಂದವನಿಗೆ ಅವರ ತಂಬಿಗೆ ಮುಟ್ಟುವ ಹಕ್ಕಿರಲಿಲ್ಲ.

ಬೈಲಹೊಂಗಲದ ಸಂತೆಯಲ್ಲಿ ಯಾರೋ ನಿಂತು ಸಾರುತ್ತಿದ್ದ ಯೇಸುವಿನ ಕತೆ ಕೇಳಿ ನೀನು ಮನೆಗೆ ಬಂದ ಸಂಜೆ, ನಿನ್ನ ಅಕ್ಕ ದುರಗವ್ವ ರೊಟ್ಟಿ ಬಡಿಯುತ್ತ ಕುಳಿತಿದ್ದಳು.

“ಇದ್ದ ದೇವ್ರು ಸಾಲಲಿಲ್ಲೇನೋ ನಿನಗ? ಇವಗೇನ್ ಕೋಳಿ ಕೊಡಬೇಕೋ, ಕುರಿ ಕೊಡಬೇಕೋ?”

“ಏನೂ ಬ್ಯಾಡಂತ ಅಕ್ಕಾ. ಅಂವಾ ಊರೂರು ನಡಕೋತ ಅಡ್ಡಾಡಿದಾಂವ. ನನ್ನಂಗ.”

“ಹಂಗಾರ ಅವನೂ ಬಿಟ್ಟಿ ದುಡಿಯಾಂವನ ಇರಬೇಕು ತಗೋ.”

ನೀನು ಎಷ್ಟು ನಕ್ಕೆ ಅಂದು! ಬಿಟ್ಟಿ ದುಡಿಯುವವರಿಗೆ ಒಬ್ಬ ಜೊತೆಗಾರ ಸಿಕ್ಕ ನಗು ಅದು.

ಆಮೇಲೊಮ್ಮೆ ಸವದತ್ತಿಗೆ ನಿನ್ನ ಜೊತೆ ಬಂದಿದ್ದೆ. ನೀನು ದಾರಿಯುದ್ದಕ್ಕೂ ಯಾರಿಗೋ ಏನೋ ಹೇಳುತ್ತಲೇ ಇದ್ದೆ. ಗೌಡ ಬೈದದ್ದು, ಅಂಗಾಲು ಒಡೆದದ್ದು, ನನ್ನನ್ನು ಮಿಷನ್ ಸಾಲಿಗೆ ಹಾಕಿದ್ದು.

“ಯಾರ ಜೋಡಿ ಮಾತಾಡಾಕ ಹತ್ತೀಯಪಾ?”

“ಯೇಸಪ್ಪನ ಜೋಡಿ.”

“ಪ್ರಾರ್ಥನಿ ಮಾಡೂ ಮುಂದ ಕಣ್ಣ ಮುಚ್ಚಬೇಕಂತ ಸಾಲ್ಯಾಗ ಹೇಳ್ಯಾರ.”

“ಕಣ್ಣ ಮುಚ್ಚಿದ್ರ ಹಳ್ಳಕ್ಕ ಬೀಳತೇನವಾ. ಅಂವಾ ಬಾಜೂಕನ ಬರಾಕ ಹತ್ಯಾನ. ನೋಡಕೋತ ಮಾತಾಡತೇನಿ.”

ಸಾಲಿಯಲ್ಲಿ ಎಲ್ಲ ಪ್ರಾರ್ಥನೆಯೂ ನನಗೆ ಬಾಯಿಪಾಠ. ಆದರೆ ಯಾರೂ ನನ್ನ ಪಕ್ಕದಲ್ಲಿ ನಡೆಯುತ್ತಿರಲಿಲ್ಲ.

ದೀಕ್ಷಾಸ್ನಾನವೇನೋ ಆಯಿತು. ಮೇಜಿಗೆ ಸೇರಿಸಿಕೊಳ್ಳುವ ಮುಂಚೆ ಪಾದ್ರಿಗಳು ನಿನ್ನನ್ನು ಪರೀಕ್ಷೆಗೆ ಕರೆದ ದಿನ ನಾನೂ ಸಭೆಯ ಗುಡಿಯೊಳಗಿದ್ದೆ. “ಮೊಣಕಾಲೂರು. ಕೈ ಕಟ್ಟು. ತಲಿ ಬಗ್ಗಿಸು,” ಎಂದರು. ನೀನು ಚಕ್ಕಳಮಕ್ಕಳ ಹಾಕಿ ಕುಳಿತು, ಎರಡೂ ಅಂಗೈ ತೊಡೆಯ ಮೇಲೆ ತೆರೆದಿಟ್ಟುಕೊಂಡೆ.

“ಕೈ ಕಟ್ಟಸ್ಕೊಳ್ಳಾಕ ಗೌಡ ಅದಾನಲ್ರೀ. ಯೇಸಪ್ಪ ನನ್ನ ಗೆಳ್ಯಾ. ಗೆಳ್ಯಾನ ಮುಂದ ಯಾರ್ ಕೈ ಕಟ್ಟತಾರ್ರೀ?”

“ವಿನಯ ಇಲ್ಲದವಗ ಮೇಜಿನ ಹತ್ರ ಜಾಗ ಇಲ್ಲ,” ಎಂದರು ಪಾದ್ರಿಗಳು. ಮುಂದಿನ ಹಬ್ಬಕ್ಕೆ ನೋಡೋಣ ಎಂದರು. ಅದರ ಮುಂದಿನ ಹಬ್ಬಕ್ಕೂ ಅದನ್ನೇ ಎಂದರು.

ವಿನಯ! ಯಾರು ಯಾರಿಗೆ ಕಲಿಸುವ ವಿನಯ? ಹುಟ್ಟಿದಾಗಿನಿಂದ ಬಗ್ಗಿದ ಬೆನ್ನಿಗೆ ಬಗ್ಗುವುದನ್ನು ಕಲಿಸಲು ಸಮುದ್ರ ದಾಟಿ ಮಿಷನ್ ಬರಬೇಕಿತ್ತೇ? ಆ ಕೆಲಸವನ್ನು ನಮ್ಮ ಗೌಡನೇ ಚೆನ್ನಾಗಿ ಮಾಡುತ್ತಿದ್ದ. ನೆಟ್ಟಗೆ ಕುಳಿತು ಮಾತಾಡು ಎನ್ನುವ ದೇವರೊಬ್ಬ ನಿನಗೆ ಸಿಕ್ಕಿದ್ದ. ಅವನ ಬಾಗಿಲಲ್ಲೂ ಇವರು ಗೌಡನ ಕಟ್ಟೆಯನ್ನೇ ಕಟ್ಟಿದರು. ಹೊಲ ಮನೆ ಬಿಟ್ಟು ಸಭೆಗೆ ಬಂದೆವು ಎಂದು ಹೇಳಿಕೊಳ್ಳುವ ಮೇಲಿನ ಓಣಿಯ ದೊಡ್ಡ ಜಾತಿಯವರು ಮೊದಲ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂರುತ್ತಾರೆ. ಅವರ ವಿನಯವನ್ನು ಯಾರು ಪರೀಕ್ಷೆ ಮಾಡಿದರು? ಹೇಳು, ಯಾರು?

ನಿನ್ನ ಕೊನೆಯ ಮಧ್ಯಾಹ್ನವನ್ನು ಮರೆಯಲಾರೆ. ಎದೆಯಲ್ಲಿ ಗೊರಗೊರ ಶುರುವಾದಾಗ ನಾನೇ ಓಡಿಹೋಗಿ ಪಾದ್ರಿಗಳನ್ನು ಕರೆತಂದೆ. ಬಿಳಿ ಬಟ್ಟೆಯಲ್ಲಿ ರೊಟ್ಟಿ ಸುತ್ತಿಕೊಂಡು ಬಂದರು, ಅದು ನಿಜ. ನಿನ್ನ ತಲೆದೆಸೆಗೆ ನಿಂತರು. “ಈಗರ ಕೈ ಕಟ್ಟೋ. ಕೊಡತೇನಿ.” ನೀನು ಅಂಗೈ ಚಾಚಿದೆ.

“ಕೈ ಕಟ್ಟಿದ್ರ ರೊಟ್ಟಿ ಯಾತರಾಗ ಹಿಡೀಲ್ರೀ?”

ದುರಗವ್ವ ಅಳುತ್ತಿದ್ದವಳು ಕಿಸಕ್ಕನೆ ನಕ್ಕುಬಿಟ್ಟಳು. ಅಷ್ಟು ಸಾಕಾಯಿತು. “ಸಾಯೂ ಹೊತ್ತಿನಾಗೂ ಸೊಕ್ಕು!” ಎಂದರು, ಬಟ್ಟೆ ಮಡಚಿದರು, ಹೊರಟರು. ಚಾಚಿದ ಕೈ ಚಾಚಿದಂತೆಯೇ ಇತ್ತು, ಯಪ್ಪಾ. ಅದನ್ನು ಮಡಿಸಲು ನನ್ನಿಂದಾಗಲಿಲ್ಲ. ಹಾಗೆಯೇ ಹೂಳಿದೆವು.

ನಿನಗೆ ಗೊತ್ತಿಲ್ಲದ ಸುದ್ದಿ ಈಗ ಹೇಳುತ್ತೇನೆ. ಮಣ್ಣು ಮಾಡಿದ ಮೇಲೆ ಮೊದಲ ಸಲ ಮೇಜಿನ ರೊಟ್ಟಿ ಹಂಚಿದ ಆದಿತ್ಯವಾರ ನಾನು ಸಭೆಗೆ ಹೋದೆ. ಮೊದಲೇ ಮೇಜಿಗೆ ಸೇರಿದ್ದ ನನ್ನ ಮುಂದೆ ರೊಟ್ಟಿಯ ತಟ್ಟೆ ಬಂತು. ಎದ್ದು ನಿಂತೆ.

“ಇದರಾಗ ನಮ್ಮಪ್ಪನ ಪಾಲು ಐತ್ರಿ. ಮೊದಲ ಅದನ್ನ ಕೊಡ್ರಿ.”

“ಸತ್ತವರಿಗೆ ಕೊಡೂ ಪದ್ಧತಿ ನಮ್ಮಲ್ಲಿಲ್ಲ, ತಂಗಿ. ಕುಂದರು.”

“ಬದುಕಿದ್ದಾಗ ಕೊಡೂ ಪದ್ಧತೀನೂ ಇರಲಿಲ್ಲಲ್ರೀ!”

ಮೊದಲ ಸಾಲಿನವರು ತಿರುಗಿ ನೋಡಿದರು. ಹಿಂದಿನ ಚಾಪೆಯಿಂದ ಯಾರೋ ಒಬ್ಬಳು “ಖರೇ ಐತಿ” ಎಂದಳು. ನಾನು ರೊಟ್ಟಿ ಮುಟ್ಟದೆ ಹೊರಗೆ ಬಂದೆ. ಸಾಲಿಯಲ್ಲಿ ನಾನು ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಿದ್ದ ಕೆಲಸವನ್ನು ಮರುದಿನವೇ ಬಿಡಿಸಿದರು. ಬಿಡಿಸಲಿ.

ಆ ಆದಿತ್ಯವಾರ ಮನೆಗೆ ನಡೆಯುತ್ತ ನಾನು ಬೈಯತೊಡಗಿದೆ. ಮೊದಲು ಪಾದ್ರಿಗಳನ್ನು ಬೈಯುತ್ತಿದ್ದೇನೆ ಎಂದುಕೊಂಡಿದ್ದೆ. ಊರ ಅಗಸಿ ಬಾಗಿಲು ಬರುವ ಹೊತ್ತಿಗೆ ತಿಳಿಯಿತು: ನಾನು ಬೈಯುತ್ತಿದ್ದದ್ದು ಯೇಸುವನ್ನು. ಬಾಯಿಪಾಠದ ಒಂದು ಮಾತೂ ಅದರಲ್ಲಿರಲಿಲ್ಲ. ನನ್ನ ಜನ್ಮದಲ್ಲಿ ಮೊದಲ ಸಲ ಅವನ ಜೊತೆ ಮಾತಾಡಿದೆ, ಯಪ್ಪಾ. ಅದೂ ಹೀಗೆ, ಗಂಟಲು ಹರಿಯುವಂತೆ.

ಈಗ ದಿನವೂ ಜಗಳ. ನಿನ್ನ ಹಾಗೆ ಗೆಳೆಯ ಎನ್ನಲು ನನಗಿನ್ನೂ ಬಾಯಿ ಬರುವುದಿಲ್ಲ. ಬೀಸುವ ಕಲ್ಲಿನ ಮುಂದೆ ಕುಳಿತು ಒಂದೇ ಪ್ರಶ್ನೆ ಕೇಳುತ್ತೇನೆ: “ನಮ್ಮಪ್ಪ ಕೈ ಚಾಚಿದಾಗ ನೀ ಎಲ್ಲಿದ್ದಿ? ಬಟ್ಟ್ಯಾಗ ಸುತಗೊಂಡು ಪಾದ್ರಿ ಕೈಯಾಗ ಹೊಂಟ್ಯೋ, ಅವನ ಬಾಜೂಕ ಕುಂತ್ಯೋ?” ಉತ್ತರ ಬಂದಿಲ್ಲ. ಅವನು ಎದ್ದೂ ಹೋಗಿಲ್ಲ. ಹೇಳುವ ತನಕ ಅವನನ್ನು ನಾನು ಬಿಡುವವಳಲ್ಲ.

ನಿನ್ನ ಮಗಳು